‘ವಾಟರ್’ ಎಂಬ ಒಂದು ಮಾತು: ಥೇಮ್ಸ್ ದಡದಿಂದ ಹಡ್ಸನ್ ದಡಕ್ಕೆ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ನಾಣ್ಣುಡಿ. ದೇಶ ಸುತ್ತಿ ಬಂದವರು ಸಾಮಾನ್ಯವಾಗಿ ಕಣ್ಣಿಗೆ ಕಂಡುದನ್ನು ಕುರಿತು ಬರೆಯುತ್ತಾರೆ: ಗೋಪುರಗಳು, ಸೇತುವೆಗಳು, ವಸ್ತುಸಂಗ್ರಹಾಲಯಗಳು, ಹೂದೋಟಗಳು. ಆದರೆ ಒಂದು ದೇಶವನ್ನು ಕಿವಿಯಿಂದಲೂ ಅರಿಯಬಹುದು. ಇಂಗ್ಲೆಂಡ್ ಹಾಗೂ ಅಮೆರಿಕಗಳಲ್ಲಿ ನಾವು ಕೈಗೊಂಡ ಪ್ರವಾಸದಲ್ಲಿ ನೋಡಬೇಕಾದುದನ್ನು ನೋಡಿದೆವು. ಅದರ ಜೊತೆಗೆ ಒಂದೇ ಒಂದು ಮಾತಿನ ಬೆನ್ನು ಹತ್ತಿಯೂ ನಡೆದೆವು. ಅದು ನೀರಿಗೆ ಇಂಗ್ಲಿಷಿನಲ್ಲಿರುವ ‘ವಾಟರ್’ ಎಂಬ ಮಾತು.

ಈ ಮಾತು ನಮಗೆ ಹೊಸದಲ್ಲ. ಊರ ಮುಂದಿನ ನೀರಿನ ತೊಟ್ಟಿ ‘ವಾಟರ್ ಟ್ಯಾಂಕ್’ ಆಗಿ ಎಷ್ಟೋ ಕಾಲವಾಯಿತು. ಕೆರೆಯ ತೂಬು ಕಾಯುತ್ತಿದ್ದ ನೀರುಗಂಟಿಯ ಹೆಸರು ಈಗಲೂ ಕೆಲವೆಡೆ ಕೇಳಿಬಂದರೂ, ನಲ್ಲಿಗೆ ನೀರು ಬಿಡುವವನನ್ನು ಬಹಳ ಊರುಗಳಲ್ಲಿ ‘ವಾಟರ್‌ಮ್ಯಾನ್’ ಎಂದೇ ಕರೆಯುತ್ತಾರೆ. ಹೀಗೆ ಅಕ್ಷರ ಬಾರದವರ ಬಾಯಲ್ಲಿಯೂ ಹೊಕ್ಕ ಈ ಮಾತನ್ನು ಅದರ ತವರೂರಿನಲ್ಲಿ ಹೇಗೆ ನುಡಿಯುತ್ತಾರೆಂಬುದನ್ನು ಕೇಳಿದಾಗ ಆಶ್ಚರ್ಯವಾಗದೆ ಇರದು. ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಆ ದೇಶಗಳಲ್ಲಿ ನೆಲೆಸಿದ್ದಾರೆ. ಅವರನ್ನು ಕಾಣಲು ತಂದೆತಾಯಿಗಳೂ ಹೋಗಿಬರುತ್ತಾರೆ. ಅಂಥವರಿಗೆ ಈ ಬರಹ ಉಪಯುಕ್ತವಾದೀತೆಂದು ನಮ್ಮ ನಂಬಿಕೆ.

ಈ ಚಿಕ್ಕ ಮಾತಿನಲ್ಲಿ ಮೂರು ಕೀಲುಗಳಿವೆ: ಮೊದಲಿನ ‘ವಾ’, ನಡುವಿನ ‘ಟ’, ಕೊನೆಯ ‘ರ್’. ಬ್ರಿಟಿಷರೂ ಅಮೆರಿಕನ್ನರೂ ಬೇರೆಯಾಗುವುದು ಈ ಕೀಲುಗಳಲ್ಲಿಯೇ.

ಥೇಮ್ಸ್ ನದಿಯ ದಡದಲ್ಲಿ

ಲಂಡನ್ನಿನಲ್ಲಿ ನಾವು ಮೊದಲು ಹೋದದ್ದು ಥೇಮ್ಸ್ ನದಿಯ ಬದಿಯ ಲ್ಯಾಂಬೆತ್ ಭಾಗಕ್ಕೆ. ಅಲ್ಲಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿ ಅಣ್ಣ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಭಾರತದ ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣಗೊಳಿಸಿದರು. ನದಿಯಾಚೆಗೆ ಬ್ರಿಟಿಷ್ ಸಂಸತ್ ಭವನ ಕಾಣುತ್ತದೆ. ಅಣ್ಣನವರಿಗೆ ಕೈಮುಗಿದು, ದಡದ ಮೇಲೆ ನಡೆದಾಡುವವರ ಮಾತಿಗೆ ಕಿವಿಗೊಟ್ಟು ಕುಳಿತೆವು.

ಅರ್ಧ ಗಂಟೆಯಲ್ಲಿ ‘ವಾಟರ್’ ಎರಡು ರೂಪಗಳಲ್ಲಿ ಕಿವಿಗೆ ಬಿತ್ತು. ಅಚ್ಚುಕಟ್ಟಾದ ಉಡುಪಿನ ಹಿರಿಯರೊಬ್ಬರು ಹೇಳಿದ್ದು ಹೆಚ್ಚುಕಡಿಮೆ ‘ವೋಟ’ ಎಂಬಂತೆ. ತುಟಿಗಳನ್ನು ದುಂಡಗೆ ಮಾಡಿ ಮೊದಲಿನ ಸ್ವರವನ್ನು ಎಳೆದರು, ಟಕಾರವನ್ನು ಸ್ಪಷ್ಟವಾಗಿ ನುಡಿದರು, ಕೊನೆಯ ‘ರ್’ ಮಾತ್ರ ಕೇಳಿಸಲೇ ಇಲ್ಲ. ರಸ್ತೆ ರಿಪೇರಿ ಮಾಡುತ್ತಿದ್ದ ಕಾರ್ಮಿಕನೊಬ್ಬನ ಬಾಯಲ್ಲಿ ಟಕಾರವೂ ಇರಲಿಲ್ಲ. ‘ವೋ’ ಎಂದವನು ಗಂಟಲಿನಲ್ಲಿ ಉಸಿರನ್ನು ಕ್ಷಣಮಾತ್ರ ಕಟ್ಟಿ ‘ಅ’ ಎಂದು ಬಿಟ್ಟ. ಇದು ಕಾಕ್ನಿ ಎಂದು ಹೆಸರಾದ ಲಂಡನ್ ದುಡಿಮೆಗಾರರ ನುಡಿಯ ಗುರುತು. ಚೀಪ್‌ಸೈಡ್ ಬೀದಿಯ ಸೇಂಟ್ ಮೇರಿ ಲ ಬೋ ಚರ್ಚಿನ ಗಂಟೆಯ ನಾದ ಕೇಳುವಷ್ಟು ಹತ್ತಿರದಲ್ಲಿ ಹುಟ್ಟಿದವನೇ ನಿಜವಾದ ಕಾಕ್ನಿ ಎಂಬುದು ಅಲ್ಲಿಯ ಹಳೆಯ ಮಾತು. 1666ರ ಮಹಾ ಅಗ್ನಿಯಲ್ಲಿ ಸುಟ್ಟುಹೋದ ಆ ಚರ್ಚನ್ನು ಕ್ರಿಸ್ಟೋಫರ್ ರೆನ್ ಮತ್ತೆ ಕಟ್ಟಿದನು. 1941ರಲ್ಲಿ ಜರ್ಮನ್ ಬಾಂಬುಗಳಿಗೆ ಅದು ಮತ್ತೆ ಬಲಿಯಾಯಿತು. ಗಂಟೆಗಳು ಮರಳಿ ಮೊಳಗಿದ್ದು 1961ರಲ್ಲಿ.

ಈ ಎರಡು ಉಚ್ಚಾರಗಳ ನಡುವಿನ ಅಂತರ ಬರಿಯ ಧ್ವನಿಯದಲ್ಲ. ಒಂದನ್ನು ದೊಡ್ಡವರ ಮಾತೆಂದೂ ಮತ್ತೊಂದನ್ನು ಕೀಳು ಮಾತೆಂದೂ ಲಂಡನ್ ನಗರ ಬಹುಕಾಲ ಎಣಿಸಿತ್ತು. ಜಾರ್ಜ್ ಬರ್ನಾರ್ಡ್ ಷಾ ‘ಪಿಗ್ಮೇಲಿಯನ್’ ನಾಟಕವನ್ನು ಬರೆದದ್ದು ಈ ವಿಷಯದ ಮೇಲೆಯೇ. 1914ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿತವಾದ ಆ ನಾಟಕದಲ್ಲಿ, ಕಾವೆಂಟ್ ಗಾರ್ಡನ್ನಿನಲ್ಲಿ ಹೂ ಮಾರುವ ಹುಡುಗಿಯೊಬ್ಬಳು ಉಚ್ಚಾರ ಬದಲಿಸಿದ ಮಾತ್ರಕ್ಕೆ ದೊಡ್ಡ ಮನೆತನದವಳೆಂದು ಜನ ನಂಬಿಬಿಡುತ್ತಾರೆ. ಹುಡುಗಿಯ ಗುಣ ಮೊದಲಿದ್ದದ್ದೇ. ಬದಲಾದದ್ದು ಅವಳ ನುಡಿ ಮತ್ತು ನಡೆಯ ಹೊರರೂಪ. ನಾವು ಕಾವೆಂಟ್ ಗಾರ್ಡನ್ನಿನ ಸೇಂಟ್ ಪಾಲ್ ಚರ್ಚಿನ ಕಂಬಗಳ ಬಳಿ ನಿಂತಾಗ ಈ ಕಥೆ ನೆನಪಾಯಿತು. ನಾಟಕ ಆರಂಭವಾಗುವುದು ಅಲ್ಲಿಯೇ.

ಅದೇ ಕಾಲದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಡೇನಿಯಲ್ ಜೋನ್ಸ್ ಎಂಬ ಧ್ವನಿಶಾಸ್ತ್ರಜ್ಞರಿದ್ದರು. 1917ರಲ್ಲಿ ಅವರು ಇಂಗ್ಲಿಷ್ ಉಚ್ಚಾರಣೆಯ ನಿಘಂಟನ್ನು ಪ್ರಕಟಿಸಿದರು. ನಮ್ಮ ದೇಶದಲ್ಲಿ ಆಂಗ್ಲರ ಕಾಲದಿಂದ ‘ಶುದ್ಧ ಇಂಗ್ಲಿಷ್’ ಎಂದು ಕಲಿಸಿಕೊಂಡು ಬಂದದ್ದು ಬಹುಮಟ್ಟಿಗೆ ಅವರು ದಾಖಲಿಸಿದ ಆ ವರ್ಗದ ಉಚ್ಚಾರವನ್ನೇ. 1922ರಲ್ಲಿ ಹುಟ್ಟಿದ ಬಿಬಿಸಿ ರೇಡಿಯೊ ಸಂಸ್ಥೆಯೂ 1926ರಲ್ಲಿ ಉಚ್ಚಾರ ನಿರ್ಣಯಕ್ಕೆಂದೇ ಒಂದು ಸಮಿತಿಯನ್ನು ನೇಮಿಸಿತು. ಎರಡನೆಯ ಮಹಾಯುದ್ಧದ ದಿನಗಳಲ್ಲಿ, 1941ರಲ್ಲಿ, ಯಾರ್ಕ್‌ಶೈರ್ ಪ್ರಾಂತದ ವಿಲ್ಫ್ರೆಡ್ ಪಿಕಲ್ಸ್ ತಮ್ಮ ಸೀಮೆಯ ನುಡಿಯಲ್ಲೇ ರೇಡಿಯೊ ವಾರ್ತೆ ಓದಿದಾಗ ಕೆಲವು ಶ್ರೋತೃಗಳು ಮುಖ ಸಿಂಡರಿಸಿದರು. ವಾರ್ತೆ ಅದೇ, ದೇಶ ಅದೇ. ಸ್ವರ ಮಾತ್ರ ಬೇರೆ.

ಬಿಸಿನೀರಿನ ಊರು

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ರೈಲಿನಲ್ಲಿ ಪಶ್ಚಿಮಕ್ಕೆ ಸುಮಾರು ಒಂದೂವರೆ ಗಂಟೆ ಪಯಣಿಸಿದರೆ ಬಾತ್ ಎಂಬ ಸುಂದರ ಪಟ್ಟಣ ಸಿಗುತ್ತದೆ. ನೀರಿನ ಮಾತನ್ನು ಅರಸಿ ಹೊರಟವರು ನೀರಿನ ಊರಿಗೆ ಹೋಗದಿರುವುದು ಹೇಗೆ? ನೆಲದೊಳಗಿನಿಂದ ಸುಮಾರು 46 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಇಲ್ಲಿ ದಿನವೊಂದಕ್ಕೆ 11 ಲಕ್ಷ ಲೀಟರಿಗೂ ಹೆಚ್ಚು ಉಕ್ಕುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ರೋಮನ್ನರು ಇದರ ಸುತ್ತ ಸ್ನಾನಗೃಹಗಳನ್ನೂ ದೇವಾಲಯವನ್ನೂ ಕಟ್ಟಿದರು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಸಿರಿವಂತರು ಈ ನೀರನ್ನು ಔಷಧಿಯೆಂದು ಕುಡಿಯಲು ಬರುತ್ತಿದ್ದರು. 1987ರಲ್ಲಿ ಯುನೆಸ್ಕೊ ಈ ಪಟ್ಟಣವನ್ನು ವಿಶ್ವ ಪರಂಪರೆಯ ತಾಣವೆಂದು ಮನ್ನಿಸಿತು.

ಈ ಊರಿನ ಹೆಸರಿನಲ್ಲಿಯೇ ಉಚ್ಚಾರಭೇದ ಅಡಗಿದೆ. ಲಂಡನ್ನಿನ ಸುಶಿಕ್ಷಿತರು ‘ಬಾತ್’ ಎಂದು ದೀರ್ಘವಾಗಿ ನುಡಿದರೆ, ಇಂಗ್ಲೆಂಡಿನ ಉತ್ತರದವರು ‘ಬ್ಯ’ಕ್ಕೆ ಹತ್ತಿರವಾದ ಹ್ರಸ್ವದಿಂದ ನುಡಿಯುತ್ತಾರೆ. ನಮಗೆ ಹೆಚ್ಚು ಸ್ವಾರಸ್ಯವೆನಿಸಿದ್ದು ಸುತ್ತಣ ಸಾಮರ್ಸೆಟ್ ಸೀಮೆಯ ಹಳೆಯ ತಲೆಮಾರಿನ ರೈತರ ನುಡಿ. ಅವರ ‘ವಾಟರ್’ನಲ್ಲಿ ಕೊನೆಯ ‘ರ್’ ಗಟ್ಟಿಯಾಗಿ ಉಳಿದಿದೆ. ಲಂಡನ್ನಿನಲ್ಲಿ ಕಾಣೆಯಾದ ಅಕ್ಷರ ಇಲ್ಲಿನ ಹೊಲಗದ್ದೆಗಳಲ್ಲಿ ಸಿಕ್ಕಿತು.

ಇದಕ್ಕೊಂದು ಇತಿಹಾಸವಿದೆ. ಹಿಂದೆ ಲಂಡನ್ನಿನವರೂ ‘ರ್’ ನುಡಿಯುತ್ತಿದ್ದರು. ಅದಕ್ಕೆಂದೇ ಬರಹದಲ್ಲಿ ಆ ಅಕ್ಷರವಿದೆ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ರಾಜಧಾನಿಯ ಜನ ಅದನ್ನು ಬಿಡತೊಡಗಿದರು. 1791ರಲ್ಲಿ ಉಚ್ಚಾರಣೆಯ ನಿಘಂಟನ್ನು ರಚಿಸಿದ ಜಾನ್ ವಾಕರ್ ಲಂಡನ್ನಿನಲ್ಲಿ ರಕಾರ ಬಹಳ ಮೆತ್ತಗಾಗಿರುವುದನ್ನು ಗುರುತಿಸಿದ್ದಾರೆ. ರಾಜಧಾನಿಯವರು ಬಿಟ್ಟದ್ದೇ ಮರ್ಯಾದೆಯ ಲಕ್ಷಣವಾಯಿತು. ಹಳೆಯದನ್ನು ಉಳಿಸಿಕೊಂಡ ಹಳ್ಳಿಯವನ ‘ರ್’ ಗಾವಿಲತನದ ಗುರುತಾಯಿತು. ಹೊಸದು ಯಾವುದು, ಹಳೆಯದು ಯಾವುದು ಎಂಬುದನ್ನು ಯಾರೂ ಕೇಳಲಿಲ್ಲ.

ಕಡಲಾಚೆಗೆ ಹೋದ ಅಕ್ಷರ

ಲಂಡನ್ನಿನಲ್ಲಿ ಈ ಬದಲಾವಣೆ ನಡೆಯುವ ಮೊದಲೇ ಇಂಗ್ಲಿಷರು ಅಮೆರಿಕಕ್ಕೆ ವಲಸೆ ಹೋಗಿದ್ದರು. 1607ರಲ್ಲಿ ವರ್ಜೀನಿಯದ ಜೇಮ್ಸ್‌ಟೌನಿನಲ್ಲಿ ಅವರ ನೆಲೆ ಏರ್ಪಟ್ಟಿತು. 1620ರಲ್ಲಿ ಮೇಫ್ಲವರ್ ಹಡಗು 102 ಮಂದಿಯನ್ನು ಹೊತ್ತು ಪ್ಲಿಮತ್ ಬಂದರಿನಿಂದ ಹೊರಟಿತು. ಈ ವಲಸೆಗಾರರೊಂದಿಗೆ ‘ರ್’ ಕೂಡ ಹೊಸ ನಾಡನ್ನು ಸೇರಿತು. ಮುಂದೆ ಸ್ಕಾಟ್ಲೆಂಡ್, ಐರ್ಲೆಂಡುಗಳಿಂದ ಬಂದವರೂ ಅದನ್ನೇ ಬಲಪಡಿಸಿದರು. ಇಂದು ಅಮೆರಿಕನ್ನರು ‘ವಾಟರ್’ ಎಂದು ಕೊನೆಯ ‘ರ್’ ಕೂಡಿಸಿ ನುಡಿಯುವುದಕ್ಕೆ ಇದು ಮುಖ್ಯ ಕಾರಣ.

ಆದರೆ ಬಾಸ್ಟನ್ ನಗರದಲ್ಲಿ ಇಳಿದಾಗ ಇನ್ನೊಂದು ಸೋಜಿಗ ಕಾದಿತ್ತು. ಅಲ್ಲಿಯ ಹಳೆಯ ನಿವಾಸಿಗಳು ಲಂಡನ್ನಿನವರಂತೆಯೇ ‘ರ್’ ಬಿಡುತ್ತಾರೆ! ಬಾಸ್ಟನ್ನಿನಂಥ ಬಂದರು ನಗರಗಳಿಗೆ ಲಂಡನ್ನಿನೊಡನೆ ನಿರಂತರ ವ್ಯಾಪಾರವಿತ್ತು. ಅಲ್ಲಿಯ ಹೊಸ ರೀತಿ ಇಲ್ಲಿಯ ಸಿರಿವಂತರಿಗೂ ಪ್ರಿಯವಾಯಿತು. ಈ ಸೀಮೆಯವರೇ ಆದ ಅಧ್ಯಕ್ಷ ಜಾನ್ ಕೆನೆಡಿಯವರು ಇರುವ ಕಡೆ ‘ರ್’ ಬಿಟ್ಟು, ಇಲ್ಲದ ಕಡೆ ಸೇರಿಸುತ್ತಿದ್ದರು. 1962ರ ಅಕ್ಟೋಬರಿನಲ್ಲಿ ರಾಷ್ಟ್ರವನ್ನು ಉದ್ದೇಶಿಸಿ ಮಾತನಾಡಿದಾಗ ಅವರ ಬಾಯಲ್ಲಿ ಕ್ಯೂಬಾ ದೇಶ ‘ಕ್ಯೂಬರ್’ ಆಯಿತು. ಜಗತ್ತು ಅಣುಯುದ್ಧದ ಅಂಚಿನಲ್ಲಿದ್ದ ಆ ಹೊತ್ತಿನಲ್ಲಿಯೂ ಅವರ ನಾಲಿಗೆ ತನ್ನ ಊರನ್ನು ಬಿಡಲಿಲ್ಲ.

ಬಾಸ್ಟನ್ನಿನಿಂದ ನ್ಯೂಯಾರ್ಕಿಗೆ ಹೋಗುವ ದಾರಿಯಲ್ಲಿ ಕನೆಕ್ಟಿಕಟ್ ರಾಜ್ಯದ ವೆಸ್ಟ್ ಹಾರ್ಟ್‌ಫರ್ಡ್ ಎಂಬ ಊರಿದೆ. 1758ರಲ್ಲಿ ನೋಹ ವೆಬ್‌ಸ್ಟರ್ ಹುಟ್ಟಿದ ಮನೆಯನ್ನು ಅಲ್ಲಿ ಸ್ಮಾರಕವಾಗಿ ಕಾಪಾಡಿದ್ದಾರೆ. ಈ ಶಾಲಾ ಮಾಸ್ತರರು 1783ರಲ್ಲಿ ಮಕ್ಕಳಿಗಾಗಿ ಕಾಗುಣಿತದ ಪುಸ್ತಕವನ್ನೂ, 1828ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನೂ ಪ್ರಕಟಿಸಿದರು. ಬ್ರಿಟನ್ನಿನಿಂದ ಬಿಡುಗಡೆ ಪಡೆದ ಜನ ಮಾತಿನಲ್ಲಿಯೂ ಅದರ ಅಡಿಯಾಳಾಗಿರಬಾರದೆಂಬುದು ಅವರ ನಿಲುವು.

ನ್ಯೂಯಾರ್ಕಿನ ಮೂರು ಅಂಗಡಿಗಳು

ಹಡ್ಸನ್ ನದಿಯ ದಡದ ನ್ಯೂಯಾರ್ಕ್ ಮಹಾನಗರಕ್ಕೆ ಬಂದಾಗ ಈ ಅಕ್ಷರದ ಕಥೆ ತಲೆಕೆಳಗಾಯಿತು. ಇಲ್ಲಿಯೂ ಹಿಂದೆ ‘ರ್’ ಬಿಡುವುದು ದೊಡ್ಡವರ ಲಕ್ಷಣವಾಗಿತ್ತು. ಹಡ್ಸನ್ ಕಣಿವೆಯಲ್ಲಿ ಹುಟ್ಟಿ 1933ರಿಂದ 1945ರವರೆಗೆ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್ವೆಲ್ಟ್ ರೇಡಿಯೊದಲ್ಲಿ ಮಾತನಾಡಿದ್ದು ಹಾಗೆಯೇ. ಎರಡನೆಯ ಮಹಾಯುದ್ಧದ ತರುವಾಯ ಗಾಳಿ ತಿರುಗಿತು. ‘ರ್’ ನುಡಿಯುವುದು ಗೌರವವೆನಿಸಿತು, ಬಿಡುವುದು ಬಡವರ ರೀತಿಯೆನಿಸಿತು.

ಇದನ್ನು ಲೆಕ್ಕವಿಟ್ಟು ತೋರಿಸಿದವರು ವಿಲಿಯಂ ಲಬೊವ್. ಮೊದಲು ರಸಾಯನಶಾಸ್ತ್ರಜ್ಞರಾಗಿ ಕಾರ್ಖಾನೆಯಲ್ಲಿ ದುಡಿದು ಬಳಿಕ ಭಾಷಾಶಾಸ್ತ್ರಕ್ಕೆ ಬಂದ ಅವರು, 1962ರಲ್ಲಿ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋದರು: ಸಿರಿವಂತರ ಸ್ಯಾಕ್ಸ್, ಮಧ್ಯಮ ವರ್ಗದವರ ಮೇಸೀಸ್, ಬಡವರ ಎಸ್. ಕ್ಲೈನ್. ನಾಲ್ಕನೆಯ ಅಂತಸ್ತಿನಲ್ಲಿರುವ ಸಾಮಾನು ಎಲ್ಲಿದೆ ಎಂದು ನೌಕರರನ್ನು ಕೇಳುವುದು. ಅವರು ‘ಫೋರ್ತ್ ಫ್ಲೋರ್’ ಎಂದಾಗ ಕೇಳಿಸದವರಂತೆ ಮತ್ತೊಮ್ಮೆ ಕೇಳುವುದು. ಅನಂತರ ಮರೆಗೆ ಹೋಗಿ ಬರೆದುಕೊಳ್ಳುವುದು. ಹೀಗೆ 264 ಜನರ ಮಾತು ದಾಖಲಾಯಿತು. ಸ್ಯಾಕ್ಸ್‌ನಲ್ಲಿ ಶೇಕಡಾ 62, ಮೇಸೀಸ್‌ನಲ್ಲಿ ಶೇಕಡಾ 51, ಕ್ಲೈನ್‌ನಲ್ಲಿ ಸುಮಾರು ಶೇಕಡಾ 20 ಮಂದಿ ‘ರ್’ ಅನ್ನು ಪೂರ್ತಿಯಾಗಿ ಅಥವಾ ಕೆಲವೊಮ್ಮೆಯಾದರೂ ನುಡಿದಿದ್ದರು. ಅಂಗಡಿಯ ಅಂತಸ್ತು ಏರಿದಂತೆ ರಕಾರವೂ ಏರಿತ್ತು. 1966ರಲ್ಲಿ ಈ ಸಂಶೋಧನೆ ಗ್ರಂಥರೂಪದಲ್ಲಿ ಬಂದಿತು. ಲಬೊವ್ ಅವರು 2024ರ ಡಿಸೆಂಬರಿನಲ್ಲಿ 97ನೆಯ ವಯಸ್ಸಿನಲ್ಲಿ ನಿಧನರಾದರು.

ಓದುಗರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ‘ವಾಟರ್’ನ ಕೊನೆಯ ‘ರ್’ ಬಿಟ್ಟರೆ ಲಂಡನ್ನಿನಲ್ಲಿ ಸಭ್ಯತೆ, ನ್ಯೂಯಾರ್ಕಿನಲ್ಲಿ ಬಡತನ. ಅದನ್ನು ನುಡಿದರೆ ನ್ಯೂಯಾರ್ಕಿನಲ್ಲಿ ಗೌರವ, ಲಂಡನ್ನಿನಲ್ಲಿ ಹಳ್ಳಿಗಾಡಿನ ಗುರುತು. ಅಕ್ಷರ ಒಂದೇ. ಮೇಲುಕೀಳು ಅಕ್ಷರದಲ್ಲಿದ್ದಿದ್ದರೆ ಎರಡೂ ಊರುಗಳಲ್ಲಿ ಬೆಲೆ ಒಂದೇ ಆಗಿರಬೇಕಿತ್ತಲ್ಲವೆ? ಮೇಲುಕೀಳನ್ನು ಅದರ ಮೇಲೆ ಹೊರಿಸಿದವರು ಜನ.

ನ್ಯೂಜರ್ಸಿಯ ಒಬ್ಬ ತಾಯಿ

ನ್ಯೂಜರ್ಸಿಯಲ್ಲಿ ನೆಲೆಸಿರುವ ಧಾರವಾಡ ಕಡೆಯ ಕುಟುಂಬವೊಂದರಲ್ಲಿ ನಾವು ಎರಡು ದಿನ ಉಳಿದೆವು. ಮನೆಯ ಹಿರಿಯ ತಾಯಿಯವರು ಮಗನ ಬಳಿಗೆ ಬಂದು ಮೂರು ತಿಂಗಳಾಗಿತ್ತು. ಪೂಜೆ, ಅಡುಗೆ, ಮೊಮ್ಮಗನ ಆರೈಕೆ ಎಲ್ಲದರಲ್ಲಿಯೂ ಲವಲವಿಕೆಯಿಂದಿದ್ದ ಅವರು ಹೊಸ್ತಿಲು ದಾಟಿದೊಡನೆ ಮೌನವಾಗುತ್ತಿದ್ದುದನ್ನು ಕಂಡೆವು. ಕಾರಣ ಕೇಳಿದಾಗ ಹೇಳಿದರು: “ನೋಡ್ರಿ ಅಣ್ಣಾರ, ನಲವತ್ತು ವರ್ಷ ಬಾವಿ ನೀರು ಸೇದೀನಿ. ಇಲ್ಲಿ ಬಂದು ಒಂದ ತಂಬಗಿ ನೀರು ಕೇಳಾಕ ನನಗ ಬಾಯಿ ಇಲ್ಲದಂಗ ಆತು.”

ನಡೆದದ್ದಿಷ್ಟೆ. ಒಂದು ಉಪಾಹಾರಗೃಹದಲ್ಲಿ ಅವರು ‘ವಾಟರ್’ ಎಂದು ಎರಡು ಮೂರು ಸಲ ಕೇಳಿದ್ದರು. ಬಡಿಸುವ ಹುಡುಗಿಗೆ ತಿಳಿಯಲಿಲ್ಲ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಮೊಮ್ಮಗ ನಾಚಿಕೆಯಿಂದ “ಅಜ್ಜಿ, ನೀ ಸುಮ್ಮನಿರು” ಎಂದು ತಾನೇ ಕೇಳಿ ತರಿಸಿದ್ದನು. ಅಂದಿನಿಂದ ಅವರು ಹೊರಗೆ ಬಾಯಿ ತೆರೆದಿರಲಿಲ್ಲ.

ಹುಡುಗಿಗೆ ತಿಳಿಯದಿದ್ದುದರಲ್ಲಿ ಯಾರ ಕುಂದೂ ಇಲ್ಲ. ನಮ್ಮ ಟಕಾರವನ್ನು ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಸಿ ಬಲವಾಗಿ ನುಡಿಯುತ್ತೇವೆ. ‘ವಾ’ ಎನ್ನುವಾಗ ತುಟಿಗಳನ್ನು ದುಂಡಗೆ ಮಾಡುವುದಿಲ್ಲ. ‘ವಾ’ಗೂ ‘ಟರ್’ಗೂ ಸಮನಾದ ಒತ್ತು ಕೊಡುತ್ತೇವೆ. ಅಮೆರಿಕನ್ನರು ಒತ್ತನ್ನೆಲ್ಲ ಮೊದಲ ಭಾಗಕ್ಕೆ ಕೊಟ್ಟು, ನಡುವಿನ ಟಕಾರವನ್ನು ನಾಲಿಗೆಯ ತುದಿಯಿಂದ ಒಮ್ಮೆ ಹಗುರವಾಗಿ ತಟ್ಟಿ ಬಿಡುತ್ತಾರೆ. ಆದ್ದರಿಂದ ಅದು ನಮ್ಮ ಕಿವಿಗೆ ‘ವಾಡರ್’ ಎಂದೋ ‘ವಾರರ್’ ಎಂದೋ ಕೇಳುತ್ತದೆ. ಆ ದೇಶದಲ್ಲಿ ಬರೆಯುವವನಾದ ‘ರೈಟರ್’ ಮತ್ತು ಸವಾರನಾದ ‘ರೈಡರ್’ ಎಂಬ ಎರಡು ಮಾತುಗಳು ಬಹುಮಂದಿಯ ಬಾಯಲ್ಲಿ ಒಂದೇ ರೀತಿ ಕೇಳಿಸುವುದು ಈ ಕಾರಣದಿಂದಲೇ.

ನಾವು ಆ ತಾಯಿಗೆ ಹೇಳಿದೆವು: “ಅಕ್ಕಾರ, ‘ನೀರು’ ಅಂತ ಒಮ್ಮೆ ಅನ್ನಿರಿ. ಅದರೊಳಗ ‘ರ’ ಅನ್ನುವಾಗ ನಾಲಿಗೆ ಹೆಂಗ ತಟ್ಟತೈತಿ, ಹಂಗ ‘ವಾಟರ್’ ನಡುವ ತಟ್ಟರಿ.” ಅವರು ಹಾಗೆಯೇ ನುಡಿದರು. ಮೊಮ್ಮಗ ಆಟದ ಸಾಮಾನು ಬಿಟ್ಟು ತಲೆಯೆತ್ತಿ ನೋಡಿದನು. ನಿಜವಾಗಿಯೂ ನಮ್ಮ ‘ನೀರು’ ಎಂಬ ಮಾತಿನ ರಕಾರವೂ ಅಮೆರಿಕನ್ನರ ‘ವಾಟರ್’ ನಡುವಿನ ಧ್ವನಿಯೂ ಹೆಚ್ಚುಕಡಿಮೆ ಒಂದೇ.

ಲಂಡನ್ನಿನ ಕಾರ್ಮಿಕನ ಮಾತನ್ನೂ, ಸಾಮರ್ಸೆಟ್ಟಿನ ರೈತನ ಮಾತನ್ನೂ, ನ್ಯೂಯಾರ್ಕಿನ ಅಂಗಡಿಗಳ ಕಥೆಯನ್ನೂ ಅವರಿಗೆ ಹೇಳಿದೆವು. ನ್ಯೂಜರ್ಸಿಯ ಗಡಿಗೆ ಹೊಂದಿಕೊಂಡೇ ಇರುವ ಫಿಲಡೆಲ್ಫಿಯ ನಗರದ ಹಳಬರು ನೀರಿಗೆ ‘ವುಡರ್’ ಎನ್ನುತ್ತಾರೆ. ಅದನ್ನು ಕೇಳಿ ಉಳಿದ ಅಮೆರಿಕನ್ನರು ನಗುವುದುಂಟು ಎಂಬುದನ್ನೂ ತಿಳಿಸಿದೆವು. ತಾಯಿ ಅಚ್ಚರಿಯಿಂದ, “ಹಂಗಾರ ಅವರೂ ಒಬ್ಬರಿಗೊಬ್ಬರು ನಗತಾರೇನ್ರಿ?” ಎಂದರು. ಹೌದೆಂದೆವು. “ಮತ್ತ ನಾ ಯಾಕ ಸುಮ್ಮನಿರಲಿ?” ಎಂದು ತಾವೂ ನಕ್ಕರು.

ನಮ್ಮ ಮನೆಗಳಿಗೆ ಸಂಬಂಧಿಸಿದ್ದು

ಹಾಗೆಂದು ಉಚ್ಚಾರವನ್ನು ಕಲಿಯಬಾರದೆಂದು ನಾವು ಹೇಳುತ್ತಿಲ್ಲ. ಮಾತು ಇರುವುದು ಕೇಳುವವನಿಗೆ ತಿಳಿಯಲೆಂದು. 2000ದ ಸುಮಾರಿಗೆ ಬೆಂಗಳೂರಿನ ಕಾಲ್ ಸೆಂಟರುಗಳು ನಮ್ಮ ಯುವಕ ಯುವತಿಯರಿಗೆ ಅಮೆರಿಕದ ಉಚ್ಚಾರವನ್ನು ಕಲಿಸಿದವು. ಅದರಿಂದ ಅನೇಕ ಮನೆಗಳಲ್ಲಿ ಒಲೆ ಉರಿಯಿತು. ಹೊರನಾಡಿಗೆ ಹೋಗುವ ಹಿರಿಯರೂ ನೀರು, ಔಷಧಿ, ವಿಳಾಸ ಮುಂತಾಗಿ ಹತ್ತಿಪ್ಪತ್ತು ಅಗತ್ಯದ ಮಾತುಗಳನ್ನು ಅಲ್ಲಿಯವರಿಗೆ ತಿಳಿಯುವಂತೆ ನುಡಿಯಲು ಮಕ್ಕಳಿಂದ ಕಲಿತು ಹೋದರೆ ಒಳ್ಳೆಯದು. ಕಲಿಸುವ ಮಕ್ಕಳೂ ಮೊಮ್ಮಕ್ಕಳೂ ತಾಳ್ಮೆಯಿಂದ ಕಲಿಸಬೇಕು. ಬಾಯಿ ಮುಚ್ಚಿಸುವುದು ಕಲಿಸಿದಂತಾಗದು.

ಈ ಪಾಠ ಹೊರನಾಡಿಗೆ ಮಾತ್ರ ಸೀಮಿತವಲ್ಲ. ಕಲಬುರ್ಗಿಯ ಹುಡುಗ ಬೆಂಗಳೂರಿನ ಕಾಲೇಜಿಗೆ ಸೇರಿದಾಗ ಅವನ ಕನ್ನಡ ಕೇಳಿ ನಗುವವರಿಲ್ಲವೆ? ಮೈಸೂರಿನಿಂದ ಬಂದ ಸೊಸೆಯ ಮಾತನ್ನು ಬೆಳಗಾವಿಯ ಮನೆಯಲ್ಲಿ ಅಣಕಿಸುವುದಿಲ್ಲವೆ? ಹೊಲದಲ್ಲಿ ದುಡಿಯುವವನ ನುಡಿಗೂ ಪಟ್ಟಣದ ವಕೀಲನ ನುಡಿಗೂ ನಾವು ಒಂದೇ ಬೆಲೆ ಕೊಡುತ್ತೇವೆಯೆ? ಅಂಬಿಗ, ಮಡಿವಾಳ, ಮಾದಾರರೆಲ್ಲ ತಮ್ಮ ತಮ್ಮ ಕಾಯಕದ ನುಡಿಯಲ್ಲಿಯೇ ಅನುಭಾವವನ್ನು ಹೇಳಿದ ಪರಂಪರೆ ನಮ್ಮದು. ಅವರ ಉಚ್ಚಾರ ಹೇಗಿತ್ತೆಂದು ಯಾರೂ ಪರೀಕ್ಷಿಸಲಿಲ್ಲ; ಅವರು ಏನು ಹೇಳಿದರೆಂಬುದನ್ನು ಎಂಟುನೂರು ವರ್ಷಗಳಿಂದ ಕಾಪಾಡಿಕೊಂಡು ಬಂದಿದ್ದೇವೆ.

ಬಾಯಾರಿ ಬಂದವರಿಗೆ ನೀರು ಕೊಡುವಾಗ ಕುಲವನ್ನು ಕೇಳಬಾರದೆಂದು ನಮ್ಮ ಹಿರಿಯರು ಮನೆಮನೆಯಲ್ಲಿ ಕಲಿಸಿದರು. ಈ ಕಾಲದಲ್ಲಿ ಉಚ್ಚಾರವನ್ನೂ ಕೇಳಬಾರದೆಂಬುದನ್ನು ನಮ್ಮ ಮಕ್ಕಳಿಗೆ ಕಲಿಸೋಣ ಎಂಬುದೇ ಬಂಧುಗಳಲ್ಲಿ ನಮ್ಮ ಅರಿಕೆ.